ದಂಡ ಕಟ್ಟಿಬಿಟ್ಟರೆ ಕೇಸು ಹೋಗುತ್ತಾ?

ಗುಬ್ಬಿ ಕಡೆಯ ಒಂದು ಹಳ್ಳಿಯಲ್ಲಿ ಬದುವಿನ ಜಗಳ ಎಂದುಕೊಳ್ಳಿ. ತೆಂಗಿನ ಸಸಿ ಯಾರ ಜಾಗದಲ್ಲಿದೆ ಎಂಬ ಮಾತು ಕೈಕೈ ಮಿಲಾಯಿಸುವ ತನಕ ಹೋಯಿತು. ಸಂಜೆಗೆ ಠಾಣೆಯಲ್ಲಿ ಕೇಸು. ಕೋರ್ಟಿಗೆ ಅಲೆದು ಸಾಕಾದ ಹುಡುಗ ಒಂದು ದಿನ ‘ತಪ್ಪಾಯ್ತು ಸ್ವಾಮಿ’ ಎಂದು ದಂಡ ಕಟ್ಟಿ ಮನೆಗೆ ಬಂದ. ಕೇಸು ಮುಗಿಯಿತು, ನಿಜ. ಆದರೆ ಅಪರಾಧಿ ಎಂಬ ತೀರ್ಪಿನೊಂದಿಗೆ ಮುಗಿಯಿತು. ವಸಂತನರಸಾಪುರದ ಕಾರ್ಖಾನೆಯಲ್ಲಿ ಕೆಲಸಕ್ಕೆ ಪೊಲೀಸ್ ವೆರಿಫಿಕೇಷನ್ ಕೇಳಿದಾಗಲೇ ಅವನಿಗೆ ಅದು ಗೊತ್ತಾಗುವುದು.

ಹಳೆಯ ಸಣ್ಣ ಅಪರಾಧವನ್ನು ಅರ್ಜಿ ಹಾಕಿ ದಾಖಲೆಯಿಂದ ತೆಗೆಸುವ ಕಾನೂನು ಕೆಲವು ದೇಶಗಳಲ್ಲಿದೆ. ನಮ್ಮಲ್ಲಿ 18 ದಾಟಿದವರಿಗೆ ಅಂಥ ದಾರಿ ಇಲ್ಲ. ಕೇಸು ಯಾವ ರೀತಿಯಲ್ಲಿ ಮುಗಿಯಿತು ಅನ್ನುವುದರ ಮೇಲೇ ಎಲ್ಲ ನಿಂತಿದೆ. ‘ಸ್ಟೇಷನ್ ರೆಕಾರ್ಡಿಂದ ಹೆಸರು ತೆಗೆಸಿಕೊಡ್ತೀನಿ’ ಎನ್ನುವವರ ಕೈಗೆ ಸುಮ್ನೆ ದುಡ್ಡು ಕೊಡಬೇಡಿ.

ಮೊದಲು ನಿಮ್ಮ ಕೇಸು ಎಲ್ಲಿದೆ ಎಂದು ಹುಡುಕಿ. ಠಾಣೆಯ ಕ್ರೈಂ ನಂಬರ್ ಬೇರೆ, ಕೋರ್ಟಿನ ಸಿ.ಸಿ. ನಂಬರ್ ಬೇರೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹೆಸರು ಹಾಕಿದರೂ ಸಿಗುತ್ತದೆ. ಕೇಸಿನ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಪೊಲೀಸರು ಬಿ ರಿಪೋರ್ಟ್ (ಆರೋಪಕ್ಕೆ ಆಧಾರ ಸಿಗಲಿಲ್ಲ ಎಂಬ ವರದಿ) ಹಾಕಿ ಕೋರ್ಟು ಒಪ್ಪಿದ್ದರೆ ಅರ್ಧ ಚಿಂತೆ ಕಳೆಯಿತು. ವಾಯಿದೆಗೆ ಹೋಗದೆ ವಾರಂಟ್ ಆಗಿದ್ದರೆ ವಕೀಲರ ಮೂಲಕ ಅದನ್ನು ರೀಕಾಲ್ ಮಾಡಿಸುವುದೇ, ಅಂದರೆ ವಾಪಸ್ ತೆಗೆಸುವುದೇ ಮೊದಲ ಕೆಲಸ.

ಆಮೇಲೆ ಸೆಕ್ಷನ್ ನೋಡಿ. ಹಳ್ಳಿ ಜಗಳಗಳಲ್ಲಿ ಸಾಮಾನ್ಯವಾಗಿ ಕಾಣುವುದು ಹಳೆಯ ಭಾರತೀಯ ದಂಡ ಸಂಹಿತೆಯ (ಐಪಿಸಿ) 323, 504, 506. ಅಂದರೆ ಹೊಡೆದದ್ದು, ಬೈದದ್ದು, ಬೆದರಿಸಿದ್ದು. 2024ರ ಜುಲೈ 1ರಿಂದ ಈಚೆಗೆ ನಡೆದದ್ದಾದರೆ ಇವೇ ಅಪರಾಧಗಳು ಭಾರತೀಯ ನ್ಯಾಯ ಸಂಹಿತೆಯ 115, 352, 351 ಎಂದು ಬರುತ್ತವೆ. ಇಂಥವಕ್ಕೆ ರಾಜಿ ಆಗಬಹುದು. ಪೆಟ್ಟು ತಿಂದವರು, ಬೈಸಿಕೊಂಡವರೇ ಕೋರ್ಟಿನಲ್ಲಿ ಒಪ್ಪಬೇಕು. ಊರ ಹಿರಿಯರು ಅರಳಿಕಟ್ಟೆಯಲ್ಲಿ ಮಾಡಿಸಿದ ಪಂಚಾಯ್ತಿ ಸಾಲದು. ಕೋರ್ಟಿನಲ್ಲಿ ಹೀಗೆ ರಾಜಿಯಾದರೆ ಕಾನೂನಿನ ಲೆಕ್ಕದಲ್ಲಿ ಅದು ಖುಲಾಸೆಗೆ ಸಮ. ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ. ಎದುರು ಪಾರ್ಟಿಯವರ ಮನೆ ಬಾಗಿಲಿಗೆ ಹೋಗಿ ಮಾತಾಡುವ ಮುಜುಗರ ಒಂದಿದೆ, ಅಷ್ಟೇ.

ಜನ ಜಾಸ್ತಿ ಎಡವುವುದು ಲೋಕ ಅದಾಲತ್ ದಿನ. ಅಲ್ಲಿ ರಾಜಿಯಾಗುವ ಕೇಸೂ ಮುಗಿಯುತ್ತದೆ, ತಪ್ಪೊಪ್ಪಿಕೊಂಡು ದಂಡ ಕಟ್ಟುವ ಸಣ್ಣ ಕೇಸೂ ಮುಗಿಯುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ ಅಲ್ವಾ? ಮೊದಲನೆಯದು ಬಿಡುಗಡೆ, ಎರಡನೆಯದು ಶಿಕ್ಷೆ. ಮೇಲಾಗಿ, ತಪ್ಪೊಪ್ಪಿಕೊಂಡವರಿಗೆ ‘ನಾನು ಮಾಡೇ ಇಲ್ಲ’ ಎಂದು ಮೇಲ್ಮನವಿ ಹೋಗಲು ಬರುವುದಿಲ್ಲ. ಶಿಕ್ಷೆ ಜಾಸ್ತಿಯಾಯಿತು ಅಥವಾ ಕಾನೂನಿನ ಪ್ರಕಾರ ಇಲ್ಲ ಎಂದಷ್ಟೇ ಕೇಳಬಹುದು. ಆದ್ದರಿಂದ ಸಹಿ ಹಾಕುವ ಮೊದಲು ವಕೀಲರನ್ನು ನೇರವಾಗಿ ಕೇಳಿ: ‘ಸಾರ್, ಇದು ರಾಜಿನಾ, ದಂಡನಾ?’

ಗುಂಪು ಜಗಳವಾದರೆ ಅಕ್ರಮ ಕೂಟ, ದೊಂಬಿಯ ಐಪಿಸಿ ಸೆಕ್ಷನ್ 143, 147 ಸೇರಿರುತ್ತವೆ. ಅವಕ್ಕೆ ಕೆಳಗಿನ ಕೋರ್ಟಿನಲ್ಲಿ ರಾಜಿ ಇಲ್ಲ. ಆಗ ಬೆಂಗಳೂರಿನ ಹೈಕೋರ್ಟಿಗೆ ಹೋಗಿ ಕೇಸನ್ನೇ ರದ್ದು ಮಾಡಿಸಬೇಕು. ಹಿಂದೆ ಇದಕ್ಕೆ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 482 ಎನ್ನುತ್ತಿದ್ದರು, ಈಗ ನಾಗರಿಕ ಸುರಕ್ಷಾ ಸಂಹಿತೆಯ 528. ಎರಡೂ ಕಡೆಯವರು ಒಪ್ಪಿದ್ದರೆ, ಖಾಸಗಿ ಜಗಳದ ಕೇಸನ್ನು ಹೈಕೋರ್ಟ್ ಹೀಗೆ ಕೈಬಿಡಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಕೊಲೆ, ಅತ್ಯಾಚಾರದಂಥವಕ್ಕೆ ಇದು ಅನ್ವಯಿಸದು. ಖರ್ಚು ಸ್ವಲ್ಪ ಜಾಸ್ತಿ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ವಿಚಾರಣೆ ನಡೆದು ಅಪರಾಧಿ ಎಂದು ತೀರ್ಪಾದರೆ? ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನ ಇದೆ. ಶಿಕ್ಷೆ ಹೇಳುವ ಮೊದಲೇ 1958ರ ಪ್ರೊಬೇಷನ್ ಕಾಯ್ದೆ ಪ್ರಕಾರ ಬಿಡಿ ಎಂದೂ ಕೇಳಿಕೊಳ್ಳಬಹುದು. ಮೊದಲ ತಪ್ಪಾದರೆ ಕೋರ್ಟು ಎಚ್ಚರಿಕೆ ಕೊಟ್ಟೋ, ಬಾಂಡ್ ಬರೆಸಿಕೊಂಡೋ ಕಳಿಸಬಹುದು. ತೀರ್ಪು ಅಳಿಸುವುದಿಲ್ಲ. ಆದರೆ ಶಿಕ್ಷೆಯಾದವರಿಗೆ ಕಾನೂನು ಅಂಟಿಸುವ ಅನರ್ಹತೆ ಇವರಿಗೆ ಅಂಟುವುದಿಲ್ಲ ಎಂದು ಅದರ 12ನೇ ಸೆಕ್ಷನ್ ಹೇಳುತ್ತದೆ. ಇದನ್ನು ಕೇಳದೇ ಬಿಡುವವರೇ ಹೆಚ್ಚು ಎಂದು ನನ್ನ ಅನಿಸಿಕೆ.

ಘಟನೆ ನಡೆದಾಗ 18 ತುಂಬಿರಲಿಲ್ಲವೇ? ಹಾಗಾದರೆ ಕತೆಯೇ ಬೇರೆ. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ, ಮೇಲ್ಮನವಿ ಅವಧಿ ಮುಗಿದ ಮೇಲೆ ಆ ದಾಖಲೆಯನ್ನೇ ನಾಶ ಮಾಡಬೇಕು. ಸಣ್ಣ ಅಪರಾಧಗಳ ಮಟ್ಟಿಗೆ ಇದರಲ್ಲಿ ಗೊಂದಲವಿಲ್ಲ.

ಗೆದ್ದ ಮೇಲೂ ಒಂದು ಕೆಲಸ ಉಳಿದಿದೆ. ಕೋರ್ಟಿನ ನಕಲು ಶಾಖೆಗೆ ಅರ್ಜಿ ಹಾಕಿ ತೀರ್ಪಿನ ಸರ್ಟಿಫೈಡ್ ಕಾಪಿ ಪಡೆಯಿರಿ, ಎರಡು ಮೂರಾದರೂ. ಒಂದನ್ನು ಠಾಣೆಗೆ ಮನವಿ ಜೊತೆ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಠಾಣೆಯ ಕಂಪ್ಯೂಟರಿನಲ್ಲಿ ಕೇಸು ಇನ್ನೂ ಬಾಕಿ ಎಂದೇ ಇದ್ದರೆ, ಸೇವಾ ಸಿಂಧುವಿನಲ್ಲಿ ವೆರಿಫಿಕೇಷನ್‌ಗೆ ಅರ್ಜಿ ಹಾಕಿದಾಗ ಮತ್ತೆ ಅದೇ ತಲೆನೋವು. ಕೇಸು ನಡೆಯುತ್ತಿರುವಾಗಲೇ ಪಾಸ್‌ಪೋರ್ಟ್ ಬೇಕಾದರೆ, ಆ ಕೋರ್ಟಿನಿಂದಲೇ ಅನುಮತಿ ಪಡೆಯಬೇಕು.

ಕೆಲಸದ ಅರ್ಜಿಯಲ್ಲಿ ‘ನಿಮ್ಮ ಮೇಲೆ ಕೇಸು ಇತ್ತೇ’ ಎಂದು ಕೇಳಿದ್ದರೆ, ಇತ್ತು, ಖುಲಾಸೆಯಾಗಿದೆ ಎಂದೇ ಬರೆಯಿರಿ. ಚಿಕ್ಕ ವಯಸ್ಸಿನ ಸಣ್ಣಪುಟ್ಟ ಕೇಸನ್ನು ಕೆಲಸ ಕೊಡುವವರು ಮನ್ನಿಸಬಹುದು ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದೆ. ಆದರೆ ಮುಚ್ಚಿಟ್ಟದ್ದೇ ಕೆಲಸಕ್ಕೆ ಕುತ್ತು ತರಬಹುದು. ಉಳಿದ ಕಾಪಿಗಳನ್ನು ಪಹಣಿ ಇಡುವ ಟ್ರಂಕಿನಲ್ಲೇ ಇಡಿ. ಲ್ಯಾಮಿನೇಷನ್ ಮಾತ್ರ ಬೇಡ.