ಸಂದರ್ಶನಕ್ಕೆ ಮೊದಲು ನಿಮ್ಮ ಡಾಫ್ ಓದಿ

ಯುಪಿಎಸ್‌ಸಿ ಸಿವಿಲ್ ಸರ್ವಿಸಸ್ ಮೇನ್ಸ್ (ಮುಖ್ಯ ಪರೀಕ್ಷೆ) ಪಾಸಾಗಿ ಸಂದರ್ಶನಕ್ಕೆ ಕರೆ ಬಂದವರಿಗೆ ಒಂದು ಮಾತು. ಒಟ್ಟು 2025 ಅಂಕಗಳಲ್ಲಿ 275 ಸಂದರ್ಶನಕ್ಕೇ ಇವೆ. ಆದರೂ ಜಾಸ್ತಿ ಜನ ಕರೆಂಟ್ ಅಫೇರ್ಸ್ ಹಿಂದೆಯೇ ಬೀಳುತ್ತಾರೆ. ಮೊದಲು ನೀವು ತುಂಬಿದ ಡಾಫ್, ಅಂದರೆ ನಿಮ್ಮ ವಿವರವಾದ ಅರ್ಜಿಯ ಪ್ರಿಂಟ್ ತೆಗೆದುಕೊಂಡು ಕೂತುಕೊಳ್ಳಿ. ಬೋರ್ಡಿನವರ ಮುಂದೆ ಇರುವುದೂ ಅದೇ. ಊರು, ಡಿಗ್ರಿ, ಕೆಲಸ, ಒಂದೊಂದಕ್ಕೂ ಐದಾರು ಪ್ರಶ್ನೆ ನೀವೇ ಹಾಕಿಕೊಳ್ಳಿ. ಹವ್ಯಾಸ ಚೆಸ್ ಅಂತ ಬರೆದಿದ್ದರೆ ಸುಮ್ನೆ ಆಡಲು ಬಂದರೆ ಸಾಲದು. ಕ್ಯಾಸ್ಲಿಂಗ್ ಯಾವಾಗ ಮಾಡುವಂತಿಲ್ಲ, ಯಾವ ಓಪನಿಂಗ್ ಇಷ್ಟ, ಯಾಕೆ ಅಂತ ಕೇಳಬಹುದು ಅಲ್ವಾ?

ಉತ್ತರ ಬಾಯಿಪಾಠ ಮಾಡಬೇಡಿ, ಗೆಳೆಯರ ಮುಂದೆ ಕೂತು ಬಾಯಿಬಿಟ್ಟು ಹೇಳಿ. ‘ಗೊತ್ತಿಲ್ಲ ಸರ್’ ಅಂತ ನೇರವಾಗಿ ಹೇಳುವುದಕ್ಕೂ ಅಭ್ಯಾಸ ಬೇಕು. ಮೇನ್ಸ್ ಕನ್ನಡದಲ್ಲಿ ಬರೆದವರು ಸಂದರ್ಶನವನ್ನೂ ಕನ್ನಡದಲ್ಲೇ ಕೊಡಬಹುದು, ಹಿಂಜರಿಯಬೇಡಿ.