ಹತ್ತು ಬ್ಲಾಕ್ ಗೋಡೆಗೆ ನಡು ಎಲ್ಲಿ? ಮಕ್ಕಳ ಆಟದೊಳಗೆ ನಾನು ಕಂಡ ಗಣಿತ

ನಾನು ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ತರಗತಿ ಮುಗಿದ ಮೇಲೆ ವಾರಕ್ಕೊಮ್ಮೆ ಒಂಬತ್ತರಿಂದ ಹನ್ನೆರಡು ವರ್ಷದ ಮಕ್ಕಳನ್ನು ಸೇರಿಸಿ ಮೈನ್‌ಕ್ರಾಫ್ಟ್ ಆಡಿಸುತ್ತೇನೆ. ಕಂಪ್ಯೂಟರ್ ಕೈಗೆ ರೂಢಿಯಾಗಲಿ, ನಾಲ್ಕು ಜನ ಕೂಡಿ ಒಂದು ಕೆಲಸ ಮಾಡುವುದನ್ನು ಕಲಿಯಲಿ ಎಂಬ ಆಸೆಯಿಂದ ಶುರು ಮಾಡಿದ್ದು. ಗಣಿತ ತಾನಾಗಿಯೇ ನಡುವೆ ಬಂದು ಕೂತಿತು, ಅದೂ ಪಾಠದಲ್ಲಿ ನಾನು ಹೆಣಗಾಡುವ ಜಾಗಗಳಲ್ಲೇ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಅಲ್ಲಿನ ನೆಲ, ಮರ, ಬೆಟ್ಟ ಎಲ್ಲವೂ ಬ್ಲಾಕ್‌ಗಳಿಂದಾದವು. ಒಂದು ಬ್ಲಾಕ್ ಎಂದರೆ ಒಂದು ಘನ ಮೀಟರ್. ಕ್ರಿಯೇಟಿವ್ ಮೋಡ್‌ನಲ್ಲಿ ಬ್ಲಾಕ್‌ಗಳು ಬೇಕಾದಷ್ಟು ಸಿಗುತ್ತವೆ. ಸರ್ವೈವಲ್ ಮೋಡ್‌ನಲ್ಲಿ ಕಡಿದು, ಅಗೆದು ತರಬೇಕು. ನಾನು ಆರಿಸಿಕೊಂಡದ್ದು ಸರ್ವೈವಲ್. ರಾಕ್ಷಸರ ಕಾಟ ಇರದಂತೆ ಪೀಸ್‌ಫುಲ್‌ಗೆ ಇಟ್ಟಿದ್ದೇನೆ. ಸಾಮಾನು ಹೊತ್ತು ತರುವ ಶ್ರಮ ಇದ್ದರೆ ಮಾತ್ರ ಮಕ್ಕಳು ಕಟ್ಟುವ ಮೊದಲು ಎಣಿಸುತ್ತಾರೆ.

ಮೊದಲು ನನ್ನ ಗಮನ ಸೆಳೆದದ್ದು ಒಂದು ಬಾಗಿಲು. ಹತ್ತು ಬ್ಲಾಕ್ ಉದ್ದದ ಗೋಡೆಯ ನಟ್ಟನಡುವೆ ಬಾಗಿಲು ಕೂರಿಸಲು ಒಬ್ಬ ಹುಡುಗಿ ಹೊರಟಳು. ಎಡಕ್ಕೆ ನಾಲ್ಕು ಬ್ಲಾಕ್, ಬಲಕ್ಕೆ ಐದು ಉಳಿಯಿತು. ಕಿತ್ತು ಪಕ್ಕಕ್ಕೆ ಸರಿಸಿದಳು. ಈಗ ಎಡಕ್ಕೆ ಐದು, ಬಲಕ್ಕೆ ನಾಲ್ಕು. "ಟೀಚರ್, ಈ ಗೋಡೆಗೆ ನಡು ಅನ್ನೋದೇ ಇಲ್ಲ!" ಎಂದಳು. ಪಕ್ಕದವನು "ಇನ್ನೊಂದು ಬ್ಲಾಕ್ ಸೇರಿಸು" ಎಂದ. ಅವಳಿಗೆ ಗೋಡೆ ಉದ್ದ ಮಾಡಲು ಮನಸ್ಸಿಲ್ಲ. ಕೊನೆಗೆ ಎರಡು ಬಾಗಿಲು ಜೋಡಿಸಿಟ್ಟಳು: ನಾಲ್ಕು, ಎರಡು, ನಾಲ್ಕು. ಇಬ್ಬರೂ ಬೇರೆ ಬೇರೆ ಉದ್ದದ ಗೋಡೆ ಎಬ್ಬಿಸಿ ನೋಡಿ ತಮ್ಮದೇ ನಿಯಮ ಹೇಳಿದರು: ಬೆಸ ಗೋಡೆಗೆ ಒಂಟಿ ಬಾಗಿಲು, ಸಮ ಗೋಡೆಗೆ ಜೋಡಿ ಬಾಗಿಲು.

ನಾನು ಕೇಳಿದ್ದು ಒಂದೇ ಪ್ರಶ್ನೆ: "ಏಳರ ಗೋಡೆಗೆ ಜೋಡಿ ಬಾಗಿಲು ಯಾಕೆ ಕೂರಲ್ಲ?" ಹುಡುಗ ಬೆರಳು ಮಡಚಿ, "ಏಳರಲ್ಲಿ ಎರಡು ತೆಗೆದರೆ ಐದು. ಐದನ್ನ ಎರಡೂ ಕಡೆ ಸಮ ಹಂಚೋಕಾಗಲ್ಲ" ಎಂದ. ಬೆಸ ಸಂಖ್ಯೆಯಿಂದ ಸಮ ಸಂಖ್ಯೆ ಕಳೆದರೆ ಬೆಸವೇ ಉಳಿಯುತ್ತದೆ ಎಂಬುದನ್ನು ನಾನು ಹಲಗೆಯ ಮೇಲೆ ಬರೆದಾಗ ಮಕ್ಕಳು ಸುಮ್ಮನೆ ನಕಲು ಮಾಡಿಕೊಳ್ಳುತ್ತಾರೆ. ಇಲ್ಲಿ ಅವರಿಗೆ ಅದು ಬೇಕಾಗಿತ್ತು. ಮುಂದೆ ಇಳಿಜಾರು ಚಾವಣಿ ಹಾಕುವಾಗಲೂ ಇದೇ ಮಾತು ಮರಳಿತು. ಮನೆಯ ಅಗಲ ಬೆಸವಾದರೆ ನೆತ್ತಿಯಲ್ಲಿ ಒಂದೇ ಸಾಲು, ಸಮವಾದರೆ ಎರಡು. ದುಂಡು ಗೋಪುರ ಕಟ್ಟಿದವರು ಚೌಕದ ಕಾಗದದ ಮೇಲೆ ವೃತ್ತ ಬರೆಯುವ ಮೊದಲೇ "ನಡುವೆ ದೀಪ ಬೇಕಾ ಬೇಡ್ವಾ?" ಎಂದು ತೀರ್ಮಾನಿಸುತ್ತಿದ್ದರು. ದೀಪ ಬೇಕೆಂದರೆ ವ್ಯಾಸ ಬೆಸವಾಗಿರಬೇಕು.

64ರ ಮಗ್ಗಿಯನ್ನು ಯಾರೂ ಹೇಳಿಕೊಡಲಿಲ್ಲ. ಚೀಲದ ಒಂದು ಖಾನೆಯಲ್ಲಿ ಹಿಡಿಯುವುದು 64 ಬ್ಲಾಕ್, ಅದನ್ನು ಸ್ಟ್ಯಾಕ್ ಎನ್ನುತ್ತಾರೆ. ಮಕ್ಕಳು "ಮೂರು ಸ್ಟ್ಯಾಕು, ಮೇಲೆ ಎಂಟು" ಎಂದು ಮಾತಾಡುವಾಗ ಅದು ಶೇಷ ಸಹಿತ ಭಾಗಾಕಾರವೇ. ಪೆಟ್ಟಿಗೆಯಲ್ಲಿ 27 ಖಾನೆಗಳು, ಅಂದರೆ 1,728 ಬ್ಲಾಕ್. ಬದಿಗೆ 12 ಬ್ಲಾಕ್ ಇರುವ ಘನವನ್ನು ಕಲ್ಲಿನಿಂದ ಅಗೆದು ತೆಗೆದರೆ ಒಂದು ಪೆಟ್ಟಿಗೆ ಒಂದೂ ಹೆಚ್ಚುಕಡಿಮೆಯಿಲ್ಲದೆ ತುಂಬುತ್ತದೆ. ಇದನ್ನು ಅಗೆದೇ ಕಂಡುಕೊಂಡ ಹುಡುಗನ ಸಂಭ್ರಮ ಹೇಳತೀರದು. 27 ಎಂದರೆ ಮೂರರ ಘನ, 64 ನಾಲ್ಕರ ಘನ, ಗುಣಿಸಿದರೆ ಹನ್ನೆರಡರ ಘನ ಎಂದು ನಾನು ತೋರಿಸಿದಾಗ ನನಗೂ ಅಷ್ಟೇ ಸಂತೋಷವಾಯಿತು.

ಬೀಕನ್ ಎಂಬ ಬೆಳಕಿನ ಕಂಬವನ್ನು ನಾನೇ ಕೊಟ್ಟೆ. ಅದರ ಪೂರ್ತಿ ಶಕ್ತಿ ಬೇಕೆಂದರೆ ಅಡಿಯಲ್ಲಿ ನಾಲ್ಕು ಹಂತದ ಗಟ್ಟಿ ಪಿರಮಿಡ್ ಇರಬೇಕು. ಹಂತಗಳ ಬದಿ 3, 5, 7, 9. "ಐವತ್ತು ಕಬ್ಬಿಣದ ಬ್ಲಾಕ್ ಸಾಕು" ಎಂದು ಅಂದಾಜು ಮಾಡಿದ ಗುಂಪು, ಕಾಗದದ ಮೇಲೆ 9, 25, 49, 81 ಎಂದು ಕೂಡಿಸಿ 164 ಬಂದಾಗ ಬೆಚ್ಚಿಬಿತ್ತು. ಒಂದು ಬ್ಲಾಕ್ ಮಾಡಲು ಒಂಬತ್ತು ಕಬ್ಬಿಣದ ಗಟ್ಟಿಗಳು ಬೇಕು, ಒಟ್ಟು 1,476. ಅಂದೇ ಅವರು ಕೆಲಸ ಹಂಚಿಕೊಂಡರು. ಆಟದ ಒಂದು ಹಗಲು ರಾತ್ರಿ ನಮ್ಮ 20 ನಿಮಿಷ, ಹಾಗಾಗಿ "ಗಂಟೆಗೆ ಮೂರು ದಿನ" ಎಂದು ಲೆಕ್ಕ ಹಾಕಿ ಎಷ್ಟು ವಾರ ಹಿಡಿಯಬಹುದೆಂದು ಊಹಿಸಿದರು.

ನಿಂತ ಜಾಗ ಹೇಳುವ ಸಂಖ್ಯೆಗಳನ್ನು, ಅಂದರೆ ನಿರ್ದೇಶಾಂಕಗಳನ್ನು, ತೆರೆಯ ಮೇಲೆ ಕಾಣುವಂತೆ ಮಾಡಿದ್ದರಿಂದ ಋಣ ಸಂಖ್ಯೆಗಳ ಭಯ ಹೋಯಿತು. 40ರಲ್ಲಿರುವ ಮನೆಯಿಂದ -35ರಲ್ಲಿರುವ ಗಣಿಗೆ 75 ಹೆಜ್ಜೆ ಎಂಬುದು ಅವರಿಗೆ ನಡೆದು ಗೊತ್ತು.

ಆದರೆ ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು ರೆಡ್‌ಸ್ಟೋನ್. ಅದು ಆಟದೊಳಗಿನ ವಿದ್ಯುತ್ ಇದ್ದಹಾಗೆ. ಸನ್ನೆಗೋಲು ಎಳೆದರೆ ರೆಡ್‌ಸ್ಟೋನ್ ಪುಡಿಯ ಸಾಲಿನಲ್ಲಿ ಸಂಕೇತ ಹರಿಯುತ್ತದೆ. 15ರ ಬಲದಿಂದ ಹೊರಟು ಬ್ಲಾಕಿಗೆ ಒಂದರಂತೆ ಕುಗ್ಗುತ್ತದೆ. ಉದ್ದ ಸಾಲಿನ ತುದಿಯ ದೀಪ ಹತ್ತದಿದ್ದಾಗ ಎಲ್ಲರೂ ಇಡೀ ಸಾಲು ಕಿತ್ತು ಮತ್ತೆ ಹಾಕಲು ಹೊರಟರು. ಮಾತು ಕಡಿಮೆಯ ಒಬ್ಬಳು ತಡೆದು, ಸಾಲಿನ ಅರ್ಧದಲ್ಲಿ ಒಂದು ದೀಪ ಇಟ್ಟಳು. ಹತ್ತಿತು. ಉಳಿದರ್ಧದ ನಡುವೆ ಇನ್ನೊಂದು ಇಟ್ಟಳು. ಹತ್ತಲಿಲ್ಲ. ಹೀಗೆ ಜಾಗ ಕಿರಿದು ಮಾಡುತ್ತ ಸಂಕೇತ ಸಾಯುವ ಬ್ಲಾಕ್ ಹಿಡಿದಳು. ಅಲ್ಲಿ ಸಂಕೇತಕ್ಕೆ ಮತ್ತೆ ಪೂರ್ತಿ ಬಲ ಕೊಡುವ ರಿಪೀಟರ್ ಹಾಕಿದ ಮೇಲೆ ತುದಿಯ ದೀಪ ಬೆಳಗಿತು. ವೈರಿಂಗ್ ರಿಪೇರಿಯವರು ಟೆಸ್ಟರ್ ಹಿಡಿದು ಮಾಡುವ ಕೆಲಸ ಅದೇ. ಗುಂಪಿನಲ್ಲಿ ಈಗ ಏನು ಕೆಟ್ಟರೂ ಅವಳನ್ನು ಕರೆಯುತ್ತಾರೆ.

ಇಷ್ಟೆಲ್ಲ ಆದರೂ ಆಟದಲ್ಲಿ ಬಂದದ್ದು ಪುಸ್ತಕಕ್ಕೆ ತಾನಾಗಿ ಇಳಿಯುವುದಿಲ್ಲ. ಬದಿ 12 ಸೆಂ.ಮೀ. ಇರುವ ಘನದ ಘನಫಲ ಕೇಳಿದಾಗ, ಪೆಟ್ಟಿಗೆ ತುಂಬಿಸಿದ ಆ ಹುಡುಗನೇ ಕೈಕಟ್ಟಿ ಕೂತಿದ್ದ. ಹಾಳೆಯ ಅಂಚಿಗೆ ಒಂದು ಪೆಟ್ಟಿಗೆಯ ಚಿತ್ರ ಬರೆದೆ. ನಕ್ಕು 1,728 ಎಂದು ಬರೆದ. ನೆನಪಿನಿಂದ ಬರೆದನೋ ಏನೋ ಎಂದು ಬದಿ 10 ಇದ್ದರೆ ಎಷ್ಟು ಎಂದೆ. "ಒಂದು ಪದರಕ್ಕೆ ನೂರು, ಅಂಥವು ಹತ್ತು" ಎಂದ. ಈ ಸೇತುವೆ ಹಾಕುವ ಕೆಲಸ ದೊಡ್ಡವರದು. ಅದಕ್ಕೆ ಆಟವನ್ನು ನಡುವೆ ನಿಲ್ಲಿಸಿ ಪಾಠ ಮಾಡಬೇಕಿಲ್ಲ. ಪಕ್ಕದಲ್ಲಿ ಕೂತು ನೋಡಿರಬೇಕು. ನೋಡದವರಿಗೆ ಪೆಟ್ಟಿಗೆಯ ಚಿತ್ರ ಬರೆಯಲು ಹೊಳೆಯುವುದಿಲ್ಲ.

ಆಟ ತಪ್ಪು ಕಲಿಸುವ ಕಡೆಯೂ ಉಂಟು. ಮರದ ಬೊಡ್ಡೆ ಕಡಿದರೂ ಮೇಲಿನ ಕಾಂಡ ಗಾಳಿಯಲ್ಲಿ ನಿಂತಿರುತ್ತದೆ. ಮರಳು, ಜಲ್ಲಿಯಂಥ ಕೆಲವು ಬಿಟ್ಟರೆ ಯಾವ ಬ್ಲಾಕಿಗೂ ಆಸರೆ ಬೇಡ. ಅದಕ್ಕೆ ಅಲ್ಲಿ ಕಟ್ಟಿದ ಸೇತುವೆಯನ್ನು ರಟ್ಟಿನಲ್ಲಿ ಮತ್ತೆ ಕಟ್ಟಿಸುತ್ತೇನೆ. ಕುಸಿದಾಗ ಕಂಬ ಎಲ್ಲಿ ಬೇಕೆಂದು ಅವರೇ ಹುಡುಕುತ್ತಾರೆ. ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ, ಒಂದು ಕಡೆ "ಆಟದಲ್ಲಿ ಮಾತ್ರ", ಇನ್ನೊಂದು ಕಡೆ "ನಿಜವಾಗಿಯೂ". ತೇಲುವ ಕಲ್ಲು, ಎರಡು ಬಕೆಟ್ ಸುರಿದರೆ ಎಂದೂ ಬತ್ತದ ನೀರು ಮೊದಲ ಕಡೆ ಹೋದವು. ಕಟ್ಟಿಗೆ ಸುಟ್ಟರೆ ಇದ್ದಿಲು, ಮರಳು ಕಾಯಿಸಿದರೆ ಗಾಜು ಎರಡನೆಯ ಕಡೆ. ಲಾವಾಕ್ಕೆ ನೀರು ತಾಗಿದರೆ ಆಗುವ ಆಬ್ಸಿಡಿಯನ್ ಮಾತ್ರ ಯಾವ ಕಡೆಗೂ ಸೇರಿಲ್ಲ. ಬೇಗ ತಣಿದ ಲಾವಾದಿಂದ ಅಂಥ ಗಾಜಿನ ಕಲ್ಲು ನಿಜಕ್ಕೂ ಆಗುತ್ತದೆ, ಆದರೆ ಎಲ್ಲ ಲಾವಾದಿಂದಲೂ ಅಲ್ಲ ಎಂದು ಒಬ್ಬಳು ಓದಿಕೊಂಡು ಬಂದಿದ್ದಾಳೆ, ಗೆರೆಯ ಮೇಲೆಯೇ ಬರೆಯಬೇಕು ಎಂಬುದು ಅವಳ ವಾದ.