ಕಪಾಟಿನ ಕ್ಯಾಮೆರಾಕ್ಕೆ ಮತ್ತೆ ರೀಲು: ಕಾಸರಗೋಡಿನವರಿಗೆ ಕೆಲವು ಸೂಚನೆಗಳು

ಮೊಬೈಲಿನ ಕಾಲದಲ್ಲೂ ಫಿಲ್ಮ್ ಛಾಯಾಗ್ರಹಣಕ್ಕೆ ಮರಳಬಯಸುವ ಕಾಸರಗೋಡಿನವರು ಹೊಸ ರೀಲು ಕೊಳ್ಳುವ ಮೊದಲು ಹಳೆಯ ಕ್ಯಾಮೆರಾದ ಲೆನ್ಸನ್ನು ಪರೀಕ್ಷಿಸಬೇಕು, ಏಕೆಂದರೆ ಕರಾವಳಿಯ ಮಳೆಗಾಲದ ತೇವಕ್ಕೆ ಗಾಜಿಗೂ ಬೂಷ್ಟು ಹಿಡಿಯುತ್ತದೆ. ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿಯನ್ನು, ಪೂರ್ತಿ ತೆರೆದು ಹಿಂಬದಿಯಿಂದ ಟಾರ್ಚ್ ಹಾಯಿಸಿದಾಗ ಜೇಡರ ಬಲೆಯಂಥ ಎಳೆಗಳು ಒಳಗಾಜಿನಲ್ಲಿ ಕಂಡರೆ, ನೀವೇ ಬಿಚ್ಚಲು ಹೋಗದೆ ರಿಪೇರಿ ಬಲ್ಲವರಿಗೆ ಒಪ್ಪಿಸುವುದು ಲೇಸು. ಕ್ಯಾಮೆರಾವನ್ನು ಚರ್ಮದ ಕವಚದಲ್ಲೇ ಇಡುವ ರೂಢಿಯನ್ನು ದಯವಿಟ್ಟು ಬಿಡಿ; ಚರ್ಮವು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಬೇಕು. ಹಿಂಬಾಗಿಲಿನ ಅಂಚಿನ ಸ್ಪಂಜು ಪುಡಿಯಾಗಿದ್ದರೆ ಬೆಳಕು ಒಳನುಗ್ಗುವುದರಿಂದ ಅದನ್ನೂ ಬದಲಿಸಬೇಕು.

ಮೊದಲಿಗೆ 36 ಚಿತ್ರಗಳ ಕಪ್ಪುಬಿಳುಪು ರೀಲು ಸಾಕು. ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್‌ನಂಥ 400 ಐಎಸ್‌ಒ (ಬೆಳಕಿಗೆ ಸ್ಪಂದಿಸುವ ವೇಗದ ಅಳತೆ) ಫಿಲ್ಮ್ ಸಣ್ಣಪುಟ್ಟ ತಪ್ಪುಗಳನ್ನು ತಾಳಿಕೊಳ್ಳುತ್ತದೆ. ರೀಲನ್ನು ಹಾಕಿದ ಬಳಿಕ ಸಡಿಲವನ್ನು ಬಿಗಿಗೊಳಿಸಿ, ಲಿವರ್ ಎಳೆದಾಗಲೆಲ್ಲ ಎಡಬದಿಯ ರಿವೈಂಡ್ ಗುಂಡಿ ತಿರುಗುತ್ತಿದೆಯೇ, ಅಂದರೆ ಫಿಲ್ಮ್ ಸಾಗುತ್ತಿದೆಯೇ ಎಂದು ನೋಡಬೇಕು.

ಬೆಳಕು ಅಳೆಯುವ ಮೀಟರ್ ಕೆಟ್ಟಿದ್ದರೆ ಚಿಂತೆ ಬೇಡ. ಬೇಕಲ ಕೋಟೆಯಲ್ಲಿ ಬಿಸಿಲು ನೆಟ್ಟಗೆ ಬೀಳುವಾಗ ಈ ಫಿಲ್ಮಿಗೆ ಎಫ್/16 ಅಪರ್ಚರ್ ಮತ್ತು 1/500 ಸೆಕೆಂಡಿನ ಶಟರ್ ವೇಗ ಸರಿಯಾಗುತ್ತದೆ. ಮೋಡ ಕವಿದಂತೆ ಅಪರ್ಚರನ್ನು ತೆರೆಯುತ್ತ ಹೋಗಬೇಕು (ಎಫ್ ಸಂಖ್ಯೆ ಕಿರಿದಾದಷ್ಟು ಕಿಂಡಿ ದೊಡ್ಡದು). ಕೋಟೆಯ ಕೆಂಪು ಮುರಕಲ್ಲು ಮತ್ತು ತೆಂಗಿನ ಹಸಿರು ಕಪ್ಪುಬಿಳುಪಿನಲ್ಲಿ ಹೆಚ್ಚುಕಡಿಮೆ ಒಂದೇ ಬೂದು ಬಣ್ಣವಾಗಿ ಬೆರೆತುಹೋಗಬಹುದು. ಕಿತ್ತಳೆ ಫಿಲ್ಟರ್ ಹಾಕಿದರೆ ಕಲ್ಲು ಬೆಳಗಿ, ನೀಲಿ ಆಕಾಶ ಗಾಢವಾಗುತ್ತದೆ. ಫಿಲ್ಟರ್ ಬೆಳಕನ್ನು ಸುಮಾರು ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧವಾಗುವುದು) ಕಡಿಮೆ ಮಾಡುವುದರಿಂದ ಎಫ್/16ರ ಬದಲು ಎಫ್/8 ಇಡಬೇಕು.

ಬಣ್ಣದ ಫಿಲ್ಮನ್ನು ತೊಳೆಯಲು (ರಾಸಾಯನಿಕದಲ್ಲಿ ಚಿತ್ರ ಮೂಡಿಸಲು) 38 ಡಿಗ್ರಿಯನ್ನು ಕರಾರುವಾಕ್ಕಾಗಿ ಕಾಯ್ದುಕೊಳ್ಳಬೇಕಾದ್ದರಿಂದ ಅದನ್ನು ಲ್ಯಾಬಿಗೆ ಕಳುಹಿಸಬಹುದು, ಆದರೆ ಕಪ್ಪುಬಿಳುಪನ್ನು ಮನೆಯಲ್ಲೇ ತೊಳೆಯುವುದೇ ಈ ಮರಳುವಿಕೆಯ ನಿಜವಾದ ಸಂತೋಷವೆಂದು ನಾನು ನಂಬಿದ್ದೇನೆ. ಚಿತ್ರ ಮೂಡಿಸುವ ಡಿ-76 ಡೆವಲಪರಿನ ಮೂಲ ದ್ರಾವಣವನ್ನು ಮತ್ತೆ ನೀರು ಬೆರೆಸದೆ ಬಳಸಿದರೆ, 20 ಡಿಗ್ರಿಯಲ್ಲಿ ಎಚ್‌ಪಿ5ಕ್ಕೆ ಏಳೂವರೆ ನಿಮಿಷ ಬೇಕು. ನಮ್ಮ ನಲ್ಲಿ ನೀರು ಅದಕ್ಕಿಂತ ಬಹಳ ಬೆಚ್ಚಗಿರುತ್ತದೆ. ಆ ಶಾಖದಲ್ಲಿ ಅಷ್ಟೇ ಹೊತ್ತು ಬಿಟ್ಟರೆ ನೆಗೆಟಿವ್ ವಿಪರೀತ ಕಪ್ಪಾಗುತ್ತದೆ. ಡೆವಲಪರಿನೊಳಗೆ ಐಸ್ ಹಾಕಿದರೆ ದ್ರಾವಣ ತೆಳುವಾಗುವುದರಿಂದ, ಬಾಟಲಿಗಳನ್ನೇ ಐಸ್ ಹಾಕಿದ ಬಕೆಟ್ಟಿನಲ್ಲಿ ನಿಲ್ಲಿಸಿ, ಥರ್ಮಾಮೀಟರ್ 20 ತೋರಿಸಿದ ಮೇಲೆ ಫಿಲ್ಮ್ ಇರುವ, ಬೆಳಕು ಹೋಗದ ಟ್ಯಾಂಕಿಗೆ ಸುರಿಯಬೇಕು. ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್ ದ್ರಾವಣ ಆದ ನಂತರ ಫಿಲ್ಮನ್ನು ನೀರಿನಲ್ಲಿ ಚೆನ್ನಾಗಿ ತೊಳೆದು, ಧೂಳಿಲ್ಲದ ಬಚ್ಚಲುಮನೆಯಲ್ಲಿ ಕೆಳತುದಿಗೆ ಕ್ಲಿಪ್ ಹಾಕಿ ತೂಗುಬಿಡಬೇಕು. ಮಳೆಗಾಲದಲ್ಲಿ ಒಣಗಲು ರಾತ್ರಿಯಿಡೀ ಬೇಕಾಗಬಹುದು.

ಒಣಗಿದ ನೆಗೆಟಿವನ್ನು ಎಲ್‌ಇಡಿ ಬೆಳಕಿನ ಹಲಗೆಯ ಮೇಲಿಟ್ಟು, ಬಹಳ ಹತ್ತಿರದಿಂದ ತೆಗೆಯಬಲ್ಲ ಮ್ಯಾಕ್ರೋ ಲೆನ್ಸಿನ ಡಿಜಿಟಲ್ ಕ್ಯಾಮೆರಾದಿಂದ ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಬೆಳಕು-ನೆರಳು ತಿರುಗಿಸಿ ಪಾಸಿಟಿವ್ ಮಾಡಿಕೊಳ್ಳಬಹುದು.